ರಜಾದಿನದ ಸ್ಯಾಂಪಲ್

ತುಮಕೂರಿನ ಶಿರಾ ಗೇಟ್ ಹತ್ತಿರದ ಲ್ಯಾಬಿನವರು ಐದು ಲೀಟರಿನ ಆ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಕೌಂಟರ್ ಮೇಲೆ ಇಟ್ಟರೆ ಸಾಕು, ನನಗೆ ಮೊದಲು ಅದರ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸ ಪ್ಲಾಸ್ಟಿಕ್ಕು, ಅದರೊಳಗೆ ಮೊದಲೇ ಹಾಕಿರುವ ಯಾವುದೋ ಔಷಧಿಯ ಘಾಟು. ಮೊನ್ನೆಯೂ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಹೊಸಬಳು. "ಮೇಡಂ, ಬೆಳಿಗ್ಗೆ ಎದ್ದಾಗ ಮೊದಲನೇ ಯೂರಿನ್ ಬಿಟ್ಬಿಡಿ, ಆಮೇಲಿಂದ ಮಾರನೇ ದಿನ ಬೆಳಗಿನ ತನಕ ಒಂದು ಹನಿ ಬಿಡದ ಹಾಗೆ ಎಲ್ಲಾ ಇದಕ್ಕೇ ಹಿಡೀಬೇಕು" ಅಂತ ಪಾಠ ಹೇಳಿದಳು. ತಲೆಯಾಡಿಸಿದೆ. ಆ ಪಾಠ ನನಗೆ ಬಾಯಿಪಾಠ. ಅವಳು ಹೇಳದೆ ಬಿಟ್ಟದ್ದು ಒಂದೇ, ಯಾವ ದಿನ ಹಿಡಿಯಬೇಕು ಅಂತ. ಅದನ್ನು ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ವರ್ಷದ ಅಷ್ಟೂ ರಗಳೆ ಶುರುವಾದದ್ದು ಅಲ್ಲಿಂದಲೇ.

ನಾನು ಬಸ್ ಕಂಡಕ್ಟರ್. ಹೆಸರು ಗಿರಿಜಾ, ಆದರೆ ರೂಟಿನಲ್ಲಿ ಎಲ್ಲರಿಗೂ ಕಂಡಕ್ಟ್ರಮ್ಮ. ಹುಟ್ಟಿದ್ದು ಗುಬ್ಬಿ, ಕೊಟ್ಟಿದ್ದು ಕುಣಿಗಲ್ಲಿಗೆ. ಆ ವರ್ಷ ನನಗೆ ಮೂವತ್ತೈದು, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಗಿತ್ತು. ಬೆಳಿಗ್ಗೆ ಆರಕ್ಕೆ ಕುಣಿಗಲ್ ಬಿಟ್ಟು ಹುತ್ರಿದುರ್ಗ, ವಾಪಸ್ ಬಂದು ತುಮಕೂರು, ಅಲ್ಲಿಂದ ಗುಬ್ಬಿ, ಮತ್ತೆ ಅದೇ ದಾರಿ ಹಿಡಿದು ಮನೆ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಕ್ಕೆ ಜಾಗ ಇರುತ್ತಿರಲಿಲ್ಲ. ಬೈದುಕೊಂಡೇ ಟಿಕೆಟ್ ಹರಿಯುತ್ತಿದ್ದೆ, ಆದರೂ ಆ ಕೆಲಸ ನನಗೆ ಪ್ರಾಣ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹತ್ತೊಂಬತ್ತನೇ ವಯಸ್ಸಿನಿಂದ ನನಗೆ ಕಿಡ್ನಿಯಲ್ಲಿ ಕಲ್ಲು. ಒಂದು ತೆಗೆಸಿದರೆ ಇನ್ನೊಂದು ಹಾಜರ್. ಬೋರ್ ನೀರಿನಿಂದ ಅಂತ ಒಬ್ಬರು, ಟೊಮೆಟೊ ಬೀಜದಿಂದ ಅಂತ ಇನ್ನೊಬ್ಬರು. ನಮ್ಮತ್ತೆ ಹುರುಳಿಕಟ್ಟು ಬಸಿದು ಕೊಟ್ಟರು, ಬಾಳೆದಿಂಡು ಜಜ್ಜಿ ರಸ ಹಿಂಡಿ ಕೊಟ್ಟರು. ಅವರ ಕೈ ಕಪ್ಪಾಯಿತೇ ಹೊರತು ನನ್ನ ಕಲ್ಲು ಕರಗಲಿಲ್ಲ. ಮೂರನೇ ಆಪರೇಷನ್ ಹೊತ್ತಿಗೆ ಎಡಗಡೆ ಕಿಡ್ನಿ ಹೆಸರಿಗಷ್ಟೇ ಉಳಿದಿತ್ತು. ಆ ಸಲ ತುಮಕೂರಿನಲ್ಲಿ ಒಬ್ಬ ಹೊಸ ಡಾಕ್ಟರು ಸಿಕ್ಕರು. ಅವರು ತೆಗೆದ ಕಲ್ಲನ್ನೇ ಪರೀಕ್ಷೆಗೆ ಕಳಿಸಿ, ಇದು ಎಲ್ಲರಿಗೂ ಬರುವ ಕಲ್ಲಲ್ಲ, ಸಿಸ್ಟೀನ್ ಕಲ್ಲು, ಅಪ್ಪ ಅಮ್ಮ ಇಬ್ಬರಿಂದಲೂ ಬಂದು ಹುಟ್ಟಿನಿಂದಲೇ ಇರುವ ಅಪರೂಪದ ತೊಂದರೆ ಅಂತ ಕಂಡುಹಿಡಿದರು.

"ಗಿರಿಜಮ್ಮ, ಸಕ್ಕರೆ ಪಾಕ ಗಟ್ಟಿಯಾಗಕ್ಕೆ ಬಿಟ್ರೆ ಏನಾಗುತ್ತೆ?" ಅಂತ ಕೇಳಿದರು.

"ಹರಳು ಕಟ್ಟುತ್ತೆ ಸಾರ್."

"ನೀರಾಗಿದ್ರೆ?"

"ಕಟ್ಟಲ್ಲ."

"ಅಷ್ಟೇ ನೋಡಿ. ನಿಮ್ಮ ಮೂತ್ರಕ್ಕೆ ಆ ಸಿಸ್ಟೀನ್ ಸೋರೋದನ್ನ ನಿಲ್ಸಕ್ಕೆ ನನ್ನ ಕೈಲಿ ಆಗಲ್ಲ. ಹರಳು ಕಟ್ಟದ ಹಾಗೆ ನೋಡ್ಕೋಬಹುದು. ಅರ್ಧ ಕೆಲಸ ನಂದು, ಅರ್ಧ ನಿಮ್ದು."

ಅವರ ಅರ್ಧ ಅಂದರೆ ಮೂತ್ರದ ಹುಳಿ ಇಳಿಸುವ ಒಂದು ಸಿರಪ್ಪು, ದಿನಕ್ಕೆ ಮೂರು ಸಲ, ಜೊತೆಗೆ ಹುಳಿ ಎಷ್ಟಿದೆ ಅಂತ ನೋಡಲು ಬಣ್ಣ ಬದಲಾಯಿಸುವ ಕಾಗದದ ಪಟ್ಟಿ. ನನ್ನ ಅರ್ಧ ಅಂದರೆ ಉಪ್ಪು ಕಡಿಮೆ, ನೀರು ದಿನಕ್ಕೆ ನಾಲ್ಕು ಲೀಟರ್. ಅದೂ ಒಂದೇ ಸಲ ಗಟಗಟ ಅಲ್ಲ, ಗಂಟೆ ಗಂಟೆಗೂ. ಇಷ್ಟಕ್ಕೂ ಬಗ್ಗದಿದ್ದರೆ ಸಿಸ್ಟೀನು ಹರಳಾಗದಂತೆ ತಡೆಯುವ ಒಂದು ಮಾತ್ರೆ ಇದೆಯಂತೆ. ಆದರೆ ಕೆಲವರಿಗೆ ಅದು ಕಿಡ್ನಿಗೇ ಏಟು ಕೊಡುತ್ತದಂತೆ. "ನಿಮಗಿರೋದು ಒಂದೂಕಾಲು ಕಿಡ್ನಿ. ಆ ಮಾತ್ರೆ ಕಡೇಗಿರಲಿ" ಅಂದರು.

ನಾಲ್ಕು ಲೀಟರ್ ನೀರು, ಕಂಡಕ್ಟರಿಗೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಜಯಕ್ಕ ಅಂತ ಹಳೇ ಕಂಡಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟಿದ್ದರು: "ಟಿಕೆಟ್ ಕೊಡೋದು ಯಾವಾಗ್ ಬೇಕಾದ್ರೂ ಕಲಿತೀಯ ಕಣೇ. ಮೊದಲು ನೀರು ಕುಡೀದೇ ಇರೋದು ಕಲಿ. ಬೆಳಿಗ್ಗೆ ಎರಡು ಇಡ್ಲಿ, ಕಾಫಿ ಬೇಡ. ಬಾಯಿ ಒಣಗಿದ್ರೆ ಒಂದು ಏಲಕ್ಕಿ ದವಡೇಲಿ ಇಟ್ಕೋ." ನಮ್ಮ ಹೆಂಗಸರು ಎಲ್ಲರೂ ಹಾಗೇ. ಹುತ್ರಿದುರ್ಗದಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಹೊಂಗೆ ಮರ ಬಿಟ್ಟರೆ ಮರೆ ಇಲ್ಲ. ಡ್ರೈವರು ಮರದ ಹಿಂದೆ ಹೋಗಿ ಬರುತ್ತಾನೆ, ನಾನು ಎಲ್ಲಿಗೆ ಹೋಗಲಿ? ತುಮಕೂರಲ್ಲಿ ಬಾತ್‌ರೂಮ್ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಸಿನ ಚೀಲ, ಟಿಕೆಟ್ ಮಷೀನು ಕೈ ಬಿಡುವ ಹಾಗಿಲ್ಲ. ಅವೆರಡನ್ನೂ ಕುತ್ತಿಗೆಗೆ ನೇತುಹಾಕಿಕೊಂಡು, ಸೀರೆ ಎತ್ತಿ ಹಿಡಿದು, ಕ್ಯೂನಲ್ಲಿ ನಿಂತು ಬರುವಷ್ಟರಲ್ಲಿ ಬಸ್ಸು ಹೊರಡುವ ಟೈಮು ಆಗಿರುತ್ತದೆ. ಹನ್ನೊಂದು ವರ್ಷ ಹೀಗೆ ಅಭ್ಯಾಸವಾದ ಮೇಲೆ ಬಾಯಾರಿಕೆ ಅನ್ನುವುದೇ ಮರೆತುಹೋಗಿತ್ತು. ಹಾಗಂತ ಜಂಬವೂ ಪಟ್ಟಿದ್ದೆ, ಪೆದ್ದಿ.

ಡಾಕ್ಟರು ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿದು ತನ್ನಿ ಅಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ವಾರದ ರಜೆ ಗುರುವಾರ, ಅವತ್ತೇ ಹಿಡಿದೆ. ಬಸ್ಸಿನಲ್ಲಿ ಯಾರಾದರೂ ಕ್ಯಾನ್ ಹಿಡಿದುಕೊಂಡು ಓಡಾಡುತ್ತಾರಾ? ಅವತ್ತು ಬೆಳಿಗ್ಗೆಯಿಂದ ಒಂದೊಂದು ಗಂಟೆಗೂ ಚೊಂಬು ಎತ್ತಿದೆ. ಸಿರಪ್ಪು ಟೈಮಿಗೆ ಸರಿಯಾಗಿ ಕುಡಿದೆ. ದೊಡ್ಡ ಸಾಹೇಬರು ಬರುತ್ತಾರೆ ಅಂದರೆ ಡಿಪೋದಲ್ಲಿ ಹಿಂದಿನ ದಿನವೇ ಸುಣ್ಣ ಬಳಿದು, ಗಿಡಕ್ಕೆಲ್ಲ ಕೆಮ್ಮಣ್ಣು ಹಚ್ಚಿ ಇಡುತ್ತಾರಲ್ಲ, ನಾನು ಮಾಡಿದ್ದೂ ಅದೇ. ಮೋಸ ಮಾಡುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಪರೀಕ್ಷೆ ಅಂದಮೇಲೆ ಚೆನ್ನಾಗಿ ಮಾಡಬೇಕು, ಅಷ್ಟೇ ತಲೆಯಲ್ಲಿದ್ದದ್ದು.

ರಿಪೋರ್ಟು ನೋಡಿ ಡಾಕ್ಟರ ಮುಖ ಅರಳಿತು. ಪಕ್ಕದಲ್ಲಿದ್ದ ಜೂನಿಯರ್‌ಗೆ ತೋರಿಸಿ, "ಪೇಷೆಂಟ್ ಅಂದ್ರೆ ಹೀಗಿರ್ಬೇಕು ನೋಡಿ" ಅಂದರು. ನನ್ನ ಗಂಡ ನಾಗರಾಜು ಜೊತೆಗಿದ್ದರು. ಕುಣಿಗಲ್ಲಿನಲ್ಲಿ ಅವರದು ಒಂದು ಜೆರಾಕ್ಸ್ ಅಂಗಡಿ. ಅವರೂ ಬೀಗಿ, "ಕುಡೀತಾಳೆ ಸಾರ್, ನಾನೇ ನೋಡ್ತೀನಲ್ಲ" ಅಂದರು. ಅವರು ನೋಡುತ್ತಿದ್ದದ್ದು ಮನೆಯಲ್ಲಿ. ಮೂರು ತಿಂಗಳಿಗೆ ಇನ್ನೊಂದು ಸಲ ಕ್ಯಾನ್ ಕೊಟ್ಟರು, ಇನ್ನೊಂದು ಗುರುವಾರ ಹಿಡಿದೆ. ಮತ್ತೆ ಶಭಾಷ್‌ಗಿರಿ.

ಯುಗಾದಿ ಆಗಿ ಹತ್ತು ಹದಿನೈದು ದಿನ ಇರಬೇಕು. ಆ ಸಲದ ಬಿಸಿಲು ಹೇಳತೀರದು, ಬಸ್ಸಿನ ಕಂಬಿ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಹುತ್ರಿದುರ್ಗದಿಂದ ವಾಪಸ್ ಬರುವಾಗ ಬಲಗಡೆ ಪಕ್ಕೆಯಲ್ಲಿ ಆ ನೋವು ಎದ್ದಿತು. ಅದು ಬಂದವರಿಗೇ ಗೊತ್ತು. ನಿಲ್ಲಕ್ಕಾಗಲ್ಲ, ಕೂರಕ್ಕಾಗಲ್ಲ, ವಾಂತಿ ಬೇರೆ. ಕಂಬಿ ಹಿಡಿದು ಅಲ್ಲೇ ಕುಸಿದೆ. ಎಡಗಡೆ ಆಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅದು ಹೇಗೂ ಹೋದದ್ದು. ಬಲಗಡೆ ಅಂದರೆ ನನಗೆ ಇದ್ದದ್ದೇ ಅದೊಂದು.

ಸ್ಕ್ಯಾನಿನಲ್ಲಿ ಹೊಸ ಕಲ್ಲು ಕಂಡಿತು. ಡಾಕ್ಟರು ಹಳೇ ರಿಪೋರ್ಟುಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಕೂತರು. "ನೀರು ಚೆನ್ನಾಗಿದೆ, ಹುಳಿ ಇಳಿದಿದೆ, ಹರಳಿಲ್ಲ. ಮತ್ತೆ ಕಲ್ಲು ಹೇಗೆ ಬಂತು?" ಅಂತ ತಮ್ಮನ್ನು ತಾವೇ ಕೇಳಿಕೊಂಡರು. ಒಂದೊಂದು ಹಾಳೆಯನ್ನೂ ಎರಡೆರಡು ಸಲ ತಿರುವಿದರು. ನಾನು ಎದುರಿಗೇ ಕೂತಿದ್ದೇನೆ, ಉತ್ತರ ನನ್ನ ನಾಲಿಗೆ ಮೇಲಿದೆ, ಬಾಯಿ ಮಾತ್ರ ಬರುತ್ತಿಲ್ಲ. ಕೊನೆಗೆ ಅವರು, "ಇಷ್ಟಕ್ಕೂ ಕೇಳ್ತಿಲ್ಲ ಅಂದ್ರೆ ಆ ಮಾತ್ರೆಗೇ ಹೋಗ್ಬೇಕಾಗುತ್ತೆ. ಶುರು ಮಾಡೋ ಮುಂಚೆ ಇನ್ನೊಂದ್ಸಲ ಕ್ಯಾನ್ ಕೊಡಿ" ಅಂದರು. ಕಿಡ್ನಿಗೆ ಏಟು ಕೊಡಬಹುದು ಅಂದಿದ್ದ ಅದೇ ಮಾತ್ರೆ.

ಆಗಲೂ ಹೇಳಲಿಲ್ಲ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಡಸು ಡಾಕ್ಟರ ಮುಂದೆ, ಒಂದಕ್ಕೆ ಹೋಗಕ್ಕೆ ಜಾಗವಿಲ್ಲ ಅಂತ ನೀರು ಕುಡಿಯಲ್ಲ ಅನ್ನುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಅಷ್ಟು ಹೊಗಳಿಸಿಕೊಂಡ ಮೇಲೆ ಸುಳ್ಳಿ ಅನ್ನಿಸಿಕೊಳ್ಳುವುದು ಹೇಗೆ? ಇನ್ನೂ ಒಂದು ಭಯ ಇತ್ತು. ಈ ಕೆಲಸಕ್ಕೆ ನೀನು ಆಗಲ್ಲ ಅಂತ ಬರೆದುಬಿಟ್ಟರೆ?

ನನ್ನ ಬಾಯಿ ಬಿಡಿಸಿದವರು ಸತ್ತಾರಣ್ಣ. ನನ್ನ ಬಸ್ಸಿನ ಡ್ರೈವರು, ಗುಬ್ಬಿಯವರೇ, ರಿಟೈರ್ ಆಗಲು ಒಂದು ವರ್ಷವೂ ಇರಲಿಲ್ಲ. ನಾನು ಡ್ಯೂಟಿಗೆ ವಾಪಸ್ ಬಂದ ದಿನ ಹುತ್ರಿದುರ್ಗದಲ್ಲಿ ಜನ ಇಳಿದ ಮೇಲೆ ನನ್ನ ಸೀಟಿನ ಪಕ್ಕದ ನೀರಿನ ಬಾಟ್ಲಿ ಎತ್ತಿ ಹಿಡಿದರು.

"ಬೆಳಿಗ್ಗೆ ಹತ್ತೋವಾಗ್ಲೂ ತುಂಬಿರ್ತದೆ, ಸಾಯಂಕಾಲ ಇಳಿಯೋವಾಗ್ಲೂ ತುಂಬಿರ್ತದೆ. ಇದನ್ನೇನು ಬಸ್ಸಲ್ಲಿ ಊರು ತೋರ್ಸಕ್ಕೆ ಕರ್ಕೊಂಡು ಬರ್ತೀಯಾ?"

"ನೀವು ರೋಡ್ ನೋಡಿ ಸತ್ತಾರಣ್ಣ, ನನ್ನ ಬಾಟ್ಲಿ ಯಾಕೆ ನೋಡ್ತೀರಾ."

"ಕನ್ನಡೀಲಿ ಕಾಣ್ಸುತ್ತಲ್ಲಮ್ಮ, ಕಣ್ಣು ಮುಚ್ಕೊಂಡು ಓಡ್ಸಲಾ?" ಅಂದರು. ಆಮೇಲೆ ದನಿ ಇಳಿಸಿ, "ಡಾಕ್ಟ್ರಿಗೆ ಗೊತ್ತಾ?" ಅಂತ ಕೇಳಿದರು.

ನಾನು ಇಲ್ಲ ಅಂದೆ. ಹೇಳುತ್ತಾ ಹೇಳುತ್ತಾ ಅತ್ತೂಬಿಟ್ಟೆ. ಕ್ಯಾನಿನ ಕತೆ, ಗುರುವಾರದ ಕತೆ, ಮಾತ್ರೆಯ ಕತೆ, ಎಲ್ಲಾ ಬಾಯಿಬಿಟ್ಟೆ. ಅವರು ಮರದ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡರು.

"ಬಾಯಲ್ಲಿ ಹೇಳಕ್ಕಾಗ್ದಿದ್ರೆ ಬುಡು. ಆ ಕ್ಯಾನೇ ಹೇಳ್ಲಿ. ಈ ಸಲ ಡ್ಯೂಟಿ ದಿನ ಹಿಡಿ" ಅಂದರು.

ಹಾಗೇ ಮಾಡಿದೆ. ಒಂದು ಸೋಮವಾರ, ಕ್ಯಾನನ್ನು ಬಟ್ಟೆ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟುಕೊಂಡೆ. ಹೆಚ್ಚಿಗೆ ಒಂದು ಗುಟುಕೂ ಕುಡಿಯಬಾರದು, ದಿನಾ ಹೇಗಿರುತ್ತೇನೋ ಹಾಗೇ ಇರಬೇಕು ಅಂತ ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಹುತ್ರಿದುರ್ಗದಲ್ಲಿ ಬಸ್ಸು ನಿಲ್ಲುವ ಎದುರಿಗೇ ಪುಟ್ಟತಾಯಮ್ಮ ಅನ್ನುವವರ ಮನೆ. ಹೋಗಿ ನಾಚಿಕೆಯಿಂದ ಕೇಳಿದೆ. ಅವರ ಬಾತ್‌ರೂಮಿನ ತುಂಬ ತೆಂಗಿನ ಮಟ್ಟೆ ಜೋಡಿಸಿತ್ತು. "ನಾವೆಲ್ಲಿ ಇದುಕ್ಕೆ ಹೋಗ್ತೀವಿ, ತಡಿಯವ್ವ" ಅಂತ ಬೈಯದೆ, ಏನು ಎತ್ತ ಕೇಳದೆ ಮಟ್ಟೆ ತೆಗೆದು ಹೊರಗೆ ಎಸೆದರು. ಹನ್ನೊಂದು ವರ್ಷ ಆ ಮನೆಯ ಮುಂದೆ ಬಸ್ಸಿಂದ ಇಳಿದು ಹತ್ತಿದ್ದೇನೆ, ಒಂದು ಸಲ ಕೇಳಿರಲಿಲ್ಲ.

ಗುಬ್ಬಿಯಲ್ಲಿ ಅಮ್ಮನ ಮನೆಗೆ ಓಡಿಹೋಗಿ ಬಂದೆ. ವಾಪಸ್ ಬರುವಾಗ ಮುಂದಿನ ಸೀಟಿನ ಒಬ್ಬ ಯಜಮಾನರ ಕಣ್ಣು ಆ ಚೀಲದ ಮೇಲೆ ಬಿತ್ತು.

"ಕೊಬ್ಬರಿ ಎಣ್ಣೆನಾ ಕಂಡಕ್ಟ್ರಮ್ಮ? ಗಾಣದ್ದಾ?"

"ಅಲ್ಲ ಯಜಮಾನ್ರೆ, ಟೆಸ್ಟಿಗೆ ಕೊಡೋದು."

"ಓ, ನೀರಾ? ನಮ್ಮ ಬೋರಿಂದೂ ಒಂದ್ಸಲ ಕೊಡ್ಬೇಕು ಕಣಮ್ಮ, ಬರೀ ಉಪ್ಪು ಬರ್ತಾ ಅದೆ" ಅಂದರು. ಸತ್ತಾರಣ್ಣನ ಭುಜ ಕುಲುಕುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅದೊಂದು ಸಲವೇ ಇರಬೇಕು.

ಮಾರನೇ ಬೆಳಿಗ್ಗೆ ಕ್ಯಾನ್ ಎತ್ತಿ ನೋಡಿದರೆ ತಳದಲ್ಲಷ್ಟೇ ಇತ್ತು. ಒಂದು ಲೀಟರ್ ಕೂಡ ಇಲ್ಲ, ಚಾ ಡಿಕಾಕ್ಷನ್ ಬಣ್ಣ. ಲ್ಯಾಬಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, ಮತ್ತೆ ಕ್ಯಾನ್ ನೋಡಿದಳು. "ಇದು ನಿಮ್ದೇನಾ?" ಅಂದಳು. ನಂದೇ ಅಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆದು, ನೋಡ್ತೀರಾ ಅಂತ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಬಗ್ಗಿ ನೋಡಿದೆ. ಆರು ಮೂಲೆಯ ಹರಳುಗಳು, ಒಂದರ ಪಕ್ಕ ಒಂದು, ಗಾಜು ಅಳತೆ ಹಾಕಿ ಕತ್ತರಿಸಿಟ್ಟ ಹಾಗೆ. ಚೆಂದ ಇದ್ದವು. ನನ್ನ ಹೊಟ್ಟೆಯಲ್ಲಿ ಇಂಥವು ದಿನಾ ಹುಟ್ಟುತ್ತಿದ್ದವು, ನಾನು ಏಲಕ್ಕಿ ಚೀಪಿಕೊಂಡು ಟಿಕೆಟ್ ಕೊಡುತ್ತಿದ್ದೆ.

ಡಾಕ್ಟರು ರಿಪೋರ್ಟು ಓದಿ, ಹಳೇ ಎರಡನ್ನೂ ತೆಗೆದು ಅದರ ಪಕ್ಕ ಇಟ್ಟರು. ಆಮೇಲೆ, "ಹಿಂದಿನ ಎರಡು ಯಾವ ದಿನ ಹಿಡಿದಿದ್ರಿ?" ಅಂದರು.

"ವಾರದ ರಜೆ ದಿನ ಸಾರ್."

"ಹಾಗಾದ್ರೆ ಇಷ್ಟು ದಿನ ನಾನು ನಿಮ್ಮ ರಜೆಗೆ ಔಷಧಿ ಕೊಟ್ಟಿದೀನಿ. ಮಿಕ್ಕ ಆರು ದಿನಕ್ಕೆ ಡಾಕ್ಟ್ರೇ ಇರ್ಲಿಲ್ಲ." ರೇಗಿ ಹೇಳಲಿಲ್ಲ, ಅದೇ ಕಷ್ಟವಾಯಿತು. "ಯಾಕಮ್ಮ ಹೀಗ್ ಮಾಡಿದ್ರಿ? ಯಾಕೆ ಕುಡಿಯಲ್ಲ ನೀವು?"

"ಕುಡಿದ್ರೆ ಎಲ್ಲಿಗೆ ಹೋಗ್ಲಿ ಸಾರ್?"

ನಾನು ಒಂದೊಂದೇ ಹೇಳುತ್ತಾ ಹೋದೆ, ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮಾತ್ರೆ ಈಗಲೇ ಬೇಡ, ಕಲ್ಲು ಚಿಕ್ಕದಿರುವಾಗಲೇ ಲೇಸರಿನಲ್ಲಿ ತೆಗೆಯೋಣ, ಆಮೇಲೆ ಮೂರು ತಿಂಗಳು ನಿಜವಾಗಿ ನೀರು ಕುಡಿದು ನೋಡೋಣ, ಆಗಲೂ ಹರಳು ಕಂಡರೆ ಮಾತ್ರೆ ಅಂದರು. ಆಫೀಸಿನ ಒಳಗಿನ ಕೆಲಸ ಕೊಡಿ ಅಂತ ಡಿಪೋಗೆ ಒಂದು ಪತ್ರವನ್ನೂ ಬರೆದರು. ಹೊರಡುವಾಗ, "ಗಿರಿಜಮ್ಮ, ಇದೂ ಹೋದ್ರೆ ಡಯಾಲಿಸಿಸ್ಸೇ. ಸುಮ್ನೆ ಹೆದ್ರಿಸ್ತಿಲ್ಲ" ಅಂದರು.

ಕುಣಿಗಲ್ಲಿಗೆ ನಾಗರಾಜು ಬೈಕಿನಲ್ಲಿ ಕರೆದುಕೊಂಡು ಬಂದರು. ಮನೆಗೆ ಬಂದು ಹೆಲ್ಮೆಟ್ ಇಟ್ಟು, "ನಂಗಾದ್ರೂ ಹೇಳ್ಬೋದಿತ್ತಲ್ಲೇ. ನಾನು ಬೇರೆ ಸಾಕ್ಷಿ ಹೇಳಿ ಬಂದಿದ್ನಲ್ಲ" ಅಂದರು. ಅವರ ಮುಖ ನೋಡಕ್ಕಾಗಲಿಲ್ಲ. ಆವತ್ತಿನ ಸಂಕಟ ಆಪರೇಷನ್ ನೋವಿಗಿಂತ ಹೆಚ್ಚು.

ಲೇಸರ್ ಆಯಿತು, ರಜೆ ಮುಗಿಯಿತು. ಡ್ಯೂಟಿಗೆ ಬಂದಾಗ ಆಷಾಢದ ಗಾಳಿ ಶುರುವಾಗಿತ್ತು. ಒಳಗಿನ ಕೆಲಸ ಖಾಲಿ ಇಲ್ಲ, ಕಾಯಬೇಕು ಅಂತ ಡಿಪೋದವರು ಅಂದರು. ಕಾಯುತ್ತೇನೆ, ನನ್ನ ಕಿಡ್ನಿ ಕಾಯುತ್ತದೆಯೇ? ಸತ್ತಾರಣ್ಣ ಇದನ್ನೆಲ್ಲ ಕೇಳಿ, "ನೀನು ಕುಡಿ, ನಿಲ್ಸೋದು ನಂಗ್ ಬುಡು" ಅಂದರು. ಅವತ್ತಿಂದ ಪುಟ್ಟತಾಯಮ್ಮನ ಮನೆ ಮುಂದೆ ಒಂದು ಸಲ, ತುಮಕೂರು ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ಒಂದು ಸಲ ಬಸ್ಸು ನನಗಾಗಿ ಕಾಯತೊಡಗಿತು. ಬಂಕಿನಲ್ಲಿ ಬಾತ್‌ರೂಮಿನ ಬೀಗದ ಕೈ ಕೇಳಿ ತೆಗೆದುಕೊಳ್ಳುತ್ತಿದ್ದೆ. ಜನರ ಕಣ್ಣೆಲ್ಲ ನನ್ನ ಬೆನ್ನ ಮೇಲೆ ಇರುವುದು ಗೊತ್ತಾಗುತ್ತಿತ್ತು. ಆದರೂ ಸಾಯಂಕಾಲ ಮನೆಗೆ ಬಂದು ಪಟ್ಟಿ ಅದ್ದಿ ನೋಡಿದರೆ ಡಾಕ್ಟರು ಹೇಳಿದ ಬಣ್ಣ ಬರುತ್ತಿತ್ತು. ಗುರುವಾರವಲ್ಲ, ಡ್ಯೂಟಿ ದಿನ.

ಒಂದೂವರೆ ತಿಂಗಳಿಗೆ ದೂರು ಬಂತು. ಬಂಕಿನ ಹತ್ತಿರ ಬಸ್ಸು ಸುಮ್ಮನೆ ನಿಲ್ಲಿಸುತ್ತಾರೆ, ತುಮಕೂರಲ್ಲಿ ನನ್ನ ಮುಂದಿನ ಬಸ್ಸು ತಪ್ಪಿತು ಅಂತ ಒಬ್ಬರು ಬರೆದುಕೊಟ್ಟಿದ್ದರು. ಅವರದೂ ತಪ್ಪಲ್ಲ. ಇಬ್ಬರಿಗೂ ಮೆಮೊ ಬಂತು, ಕಾರಣ ಕೊಡಿ ಅಂತ. ನಾನು ಡಿಪೋಗೆ ಹೋಗುವಷ್ಟರಲ್ಲಿ ಸತ್ತಾರಣ್ಣ ಬರೆದುಕೊಟ್ಟು ಹೋಗಿದ್ದರು: ಇಂಜಿನ್ ಕಾದಿತ್ತು, ರೇಡಿಯೇಟರ್‌ಗೆ ನೀರು ಹಾಕಲು ನಿಲ್ಲಿಸಿದೆ.

ಮ್ಯಾನೇಜರ್ ಸಾಹೇಬರು ಆ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಕೆಟ್ಟವರಲ್ಲ, ಗಡಿಬಿಡಿಯ ಮನುಷ್ಯ. "ನೀವೂ ಇದನ್ನೇ ಬರೀರಿ, ಫೈಲ್ ಮುಗೀತು. ಇನ್ಮೇಲೆ ಮಾತ್ರ ನಿಲ್ಸಬೇಡಿ" ಅಂದರು.

ಅದನ್ನೇ ಬರೆದರೆ ಸತ್ತಾರಣ್ಣನ ಪೆನ್ಷನ್ ಹೊತ್ತಿಗೆ ತಂಟೆ ಇಲ್ಲ, ನನ್ನ ಮಾನವೂ ಉಳಿಯುತ್ತದೆ. ಆದರೆ ನಾಳೆಯಿಂದ ಬಸ್ಸು ನಿಲ್ಲುವುದಿಲ್ಲ, ಬಾಟ್ಲಿ ಮತ್ತೆ ತುಂಬಿಕೊಂಡೇ ಮನೆಗೆ ಬರುತ್ತದೆ. ಬಸ್ಸಿಗೆ ನೀರು ಬೇಕಿತ್ತು ಅಂದರೆ ಆಫೀಸಿನಲ್ಲಿ ಯಾರಿಗೂ ನಾಚಿಕೆ ಇಲ್ಲ, ನನಗೆ ಬೇಕಿತ್ತು ಅನ್ನುವುದಕ್ಕೆ ಇಷ್ಟು ನಾಚಿಕೆಯೇ? ಎರಡು ಸಲ ಡಾಕ್ಟರಿಗೆ ಬೇರೆ ಯಾರದೋ ಮೂತ್ರ ಕೊಟ್ಟ ಹಾಗೆ ಕೊಟ್ಟಿದ್ದೆ. ಇಲ್ಲೂ ಇನ್ನೊಂದು ಸುಳ್ಳು ಬರೆದುಕೊಟ್ಟು ಹೋಗಲೇ?

ಸತ್ತಾರಣ್ಣನಿಗೆ ಆಮೇಲೆ ಒಂದು ಎಚ್ಚರಿಕೆ ಪತ್ರ ಬಂತು, ಪೆನ್ಷನ್ನಿಗೆ ಏನೂ ಆಗಲಿಲ್ಲ. "ನಿನ್ನಿಂದ ನನ್ನ ಸರ್ವೀಸ್‌ನಲ್ಲಿ ಮೊದಲ್ನೇ ಮಸಿ" ಅಂತ ರಿಟೈರ್ ಆಗುವ ತನಕ ಆಡಿಕೊಂಡರು. ಅದು ಹಾಗಾಗುತ್ತದೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಪೆನ್ನು ಇಸಿದುಕೊಂಡು ನಿಂತೇ ಬರೆದೆ.

"ಬಸ್ಸು ನಿಂತದ್ದು ರೇಡಿಯೇಟರಿಗಾಗಿ ಅಲ್ಲ. ನಾನು ಮೂತ್ರ ಮಾಡಲು ಹೋಗಿದ್ದೆ. ನನಗೆ ಇರುವುದು ಒಂದು ಕಿಡ್ನಿ, ಅದು ಉಳಿಯಬೇಕಾದರೆ ನಾನು ಡ್ಯೂಟಿಯಲ್ಲಿ ನೀರು ಕುಡಿಯಬೇಕು. ಡ್ರೈವರ್ ನಿಲ್ಲಿಸಿದ್ದು ನನಗೋಸ್ಕರ. ನಾಳೆಯೂ ನಿಲ್ಲಿಸಬೇಕಾಗುತ್ತದೆ."

ಸಹಿ ಹಾಕಿ, ಕೆಳಗೆ ನನ್ನ ನಂಬರ್ ಬರೆದು ಕೊಟ್ಟೆ. ಸಾಹೇಬರು ಓದಿದರು. ಎರಡನೇ ಸಲ ಓದುವಾಗ ಅವರ ಕಿವಿ ಕೆಂಪಾಯಿತು. "ಇದನ್ನ ಹೀಗೇ ಇಡ್ಬೇಕಾ? ಅನಾರೋಗ್ಯ ಅಂತ ಬರೀಬಹುದಲ್ಲಮ್ಮ, ನಾಲ್ಕು ಜನ ಓದ್ತಾರೆ" ಅಂದರು.

"ಹೀಗೇ ಇರ್ಲಿ ಸಾರ್, ಓದ್ಲಿ" ಅಂದೆ.

ಅವರು ಹಾಳೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿ ಕಡೆ ನೋಡಿದರು. ಹೊರಗೆ ಬಸ್ಸುಗಳನ್ನು ತೊಳೆಯುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಎಷ್ಟು ನಿಮಿಷ ಬೇಕಾಗುತ್ತಮ್ಮ?" ಅಂದರು.

ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ಐದು ನಿಮಿಷ ಸಾರ್" ಅಂದೆ.